ಪರದೆಯ ಹಿಂದಿನ ತಾರಾಮಣಿ

ಬೂದಿಗೆರೆಯ ರೇಷ್ಮೆ ಬೆಳೆಗಾರರ ಸಂಘದ ಹೊಸ ಕಟ್ಟಡದ ಬಾಗಿಲು ತೆರೆದ ದಿನ ಮುಖ್ಯ ಅತಿಥಿಗಳ ಕಿವಿಗೆ ಕುಂಕುಮ ಹೋಯಿತು.

ಇದು ೧೯೭೧ರ ಮಾತು. ಅತಿಥಿಗಳು ಬೆಂಗಳೂರಿನ ದೊಡ್ಡ ಅಧಿಕಾರಿ. ತೊಟ್ಟದ್ದು ಇಸ್ತ್ರಿ ಮುರಿಯದ ಬಿಳಿ ಅಂಗಿ. ಅವರಿಗೆ ಆರತಿ ಎತ್ತಲು ಹುಳು ಸಾಕಣೆಯಲ್ಲಿ ಹೆಸರಾದ ಸಪ್ಪಲಮ್ಮನನ್ನು ಕರೆದಿದ್ದರು. ಐವತ್ತು ದಾಟಿದ್ದ ಸಪ್ಪಲಮ್ಮ ತಟ್ಟೆಯನ್ನು ಬಲಗೈಗೆ ದಾಟಿಸಿ, ಎಡಗೈಯ ಉಂಗುರಬೆರಳನ್ನು ಕುಂಕುಮಕ್ಕೆ ಅದ್ದಿ, ಅಧಿಕಾರಿಯ ಹಣೆಯ ಕಡೆ ಕೈ ಚಾಚಿದಳು. ಎಡಗೈ ಬರುತ್ತಿರುವುದನ್ನು ಕಂಡ ಅಧಿಕಾರಿ ಗಾಬರಿಯಾಗಿ ಮುಖ ತಿರುಗಿಸಿದರು. ಹಣೆಯಿದ್ದ ಜಾಗಕ್ಕೆ ಕಿವಿ ಬಂತು. ಉಳಿದ ಕುಂಕುಮವನ್ನು ಅಂಗಿಯ ಕಾಲರು ಹಂಚಿಕೊಂಡಿತು.

"ಬಲಗೈ ಕಣಮ್ಮೋ, ಬಲಗೈ!" ಎಂದು ಸಂಘದ ಕಾರ್ಯದರ್ಶಿ ಸಂಜೀವಪ್ಪ ಅರಚಿದ.

"ತಾರಾಮಣಿ ಕಟ್ಕೊಂಡ ಗಂಡಂಗೇ ಎಡಗೈಲಿ ಇಟ್ಲು. ಇವ್ರೇನು ಅವನಿಗಿಂತ ದೊಡ್ಡೋರಾ?" ಎಂದಳು ಸಪ್ಪಲಮ್ಮ, ಆರತಿಯನ್ನು ಮುಂದುವರಿಸುತ್ತಾ.

ಊರವರು ಇದನ್ನು ಎಡವಟ್ಟು ಎಂದರು. ಆ ಪದದ ಮೊದಲರ್ಧದ ಬಗ್ಗೆ ಯಾರೂ ತಕರಾರು ತೆಗೆಯುವಂತಿರಲಿಲ್ಲ. ಎಲ್ಲರೂ ನಗುತ್ತಿದ್ದಾಗ ಎರಡನೆಯ ಸಾಲಿನಲ್ಲಿ ಕೂತಿದ್ದ ಆದಿನಾರಾಯಣಪ್ಪ ಮಾತ್ರ ನಗಲಿಲ್ಲ. ತಾರಾಮಣಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ಅವನು ಕುರ್ಚಿಯ ತುದಿಗೆ ಸರಿದಿದ್ದ.

ಆದಿನಾರಾಯಣಪ್ಪ ದೇವನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡದ ಮೇಷ್ಟ್ರು. 'ಹಠಮಾರಿ ತಾರಾಮಣಿ' ಅವನ ತಾಯಿಯ ಕಾಲದಲ್ಲಿ ಮನೆಮನೆಯಲ್ಲೂ ಓದುತ್ತಿದ್ದ ಕಾದಂಬರಿ. ತಾಯಿಗೆ ಓದಿ ಹೇಳಿ ಹೇಳಿ ಅದು ಅವನಿಗೆ ಬಾಯಿಪಾಠವೇ ಆಗಿತ್ತು. ಬೊಂಬಾಯಿ ಕಡೆಯ ಯಾವುದೋ ಕಂಪನಿ ಅದನ್ನು ಮೂಕಿ ಚಿತ್ರ ಮಾಡಿತ್ತಂತೆ. ಚಿತ್ರದ ಒಂದು ಅಡಿ ರೀಲೂ ಎಲ್ಲೂ ಉಳಿದಿರಲಿಲ್ಲ. ಮೂರು ವರ್ಷ ಅಲೆದ ಮೇಲೆ ಅವನಿಗೆ ಸಿಕ್ಕಿದ್ದು ಬೆಂಗಳೂರಿನ ಹಳೇ ಪೇಪರಿನ ಅಂಗಡಿಯಲ್ಲಿದ್ದ ಒಂದು ತೆಳ್ಳನೆಯ ಕರಪತ್ರ. ಅದರಲ್ಲಿ ನಾಯಕಿ ಕಾಗದ ಬರೆಯುತ್ತಿರುವ ಚಿತ್ರವಿತ್ತು. ಕಾಗದ ಸಿಕ್ಕಿತು, ಕಂಡವರು ಸಿಗಲಿಲ್ಲ. ಆ ಚಿತ್ರವನ್ನು ಕಣ್ಣಾರೆ ನೋಡಿದ ಒಬ್ಬರಾದರೂ ಬೇಕು, ಇಲ್ಲದಿದ್ದರೆ ತನ್ನ ಲೇಖನವೂ ಮೂಕಿಯೇ ಎಂದು ಅವನು ಕೊರಗುತ್ತಿದ್ದ.

ಸಭೆ ಮುಗಿದದ್ದೇ ತಡ, ಸಪ್ಪಲಮ್ಮನ ಮುಂದೆ ಹೋಗಿ ನಿಂತ.

"ತಾರಾಮಣೀನ ನೀವು ನೋಡಿದ್ರಾ ಅಮ್ಮಾ?"

"ನೋಡ್ದೆ ಮತ್ತೆ? ಮಾಲಯ ಅಮಾಸೆ ದಿನ ಮನೆಗೆ ಬನ್ನಿ ಮೇಷ್ಟ್ರೇ. ಅವಳಿಗೂ ಎಡೆ ಇಡ್ತೀನಿ."

ಅಮಾವಾಸ್ಯೆಯ ಮಧ್ಯಾಹ್ನ ಅವನು ಹೋದಾಗ ನಡುಮನೆಯಲ್ಲಿ ಹಿರಿಯರಿಗೆ ಬಾಳೆಲೆಗಳು ಸಾಲಾಗಿದ್ದವು. ಅತ್ತೆ, ಮಾವ, ಅಜ್ಜಿ ಅಮ್ಮಯಮ್ಮ, ಎಲ್ಲರಿಗೂ ಒಂದೊಂದು. ಸಾಲಿನ ಎಡತುದಿಯಲ್ಲಿ ಬೇರೆಯಾಗಿ ಒಂದು ಪುಟ್ಟ ಎಲೆ, ಅದರಲ್ಲಿ ಎರಡು ವಡೆ, ಒಂದು ಸೌಟು ಪಾಯಸ. ಎಡದವಳಿಗೊಂದು ಎಡೆ.

"ಅವಳು ಸತ್ತವ್ಳೋ ಬದುಕವ್ಳೋ ಯಾರಿಗೆ ಗೊತ್ತು ಮೇಷ್ಟ್ರೇ? ಇವಳು ವರ್ಷಾ ವರ್ಷ ಎಡೆ ಇಟ್ಟು ಸಾಯಿಸ್ತಾವ್ಳೆ," ಎಂದ ಸಪ್ಪಲಮ್ಮನ ಗಂಡ ರಾಮಾಂಜಿನಪ್ಪ.

"ಸತ್ತಿದ್ರೆ ಎಡೆ, ಬದುಕಿದ್ರೆ ಊಟ. ನಿನಗ್ಯಾಕೆ ಹೊಟ್ಟೆಕಿಚ್ಚು? ನಿನಗೂ ಇಡ್ತೀನಿ ಬಿಡು, ತಾಳು."

ಆದಿನಾರಾಯಣಪ್ಪ ಪೆನ್ಸಿಲು ತೆಗೆದ. ಸಪ್ಪಲಮ್ಮ ಕಥೆ ಶುರುಮಾಡಿದಳು.

ಅವಳ ತವರು ನಲ್ಲೂರು. ಹುಟ್ಟಾ ಎಡಚಿ. ಎಡಗೈಯಲ್ಲಿ ತುತ್ತೆತ್ತಿದರೆ ಅಜ್ಜಿ ಅಮ್ಮಯಮ್ಮ ಬೆರಳುಗಳಿಗೆ ಬೇವಿನ ಸೊಪ್ಪು ಅರೆದು ಬಳಿಯುತ್ತಿದ್ದಳು. ಅದಕ್ಕೂ ಬಗ್ಗದಿದ್ದಾಗ ಕೈಯನ್ನು ಹಳೇ ಸೀರೆಯ ಅಂಚಿನಿಂದ ಸೊಂಟಕ್ಕೆ ಕಟ್ಟಿದಳು. ಬಲಗೈಯವರು ಮಾಡುವುದಕ್ಕೆ ಬಲವಂತ ಎಂದು ಹೆಸರಿಟ್ಟವನು ಎಡಚನೇ ಇರಬೇಕು. ಕಟ್ಟಿದ ಕೈಯಲ್ಲೇ ಹುಡುಗಿ ಎರಡು ವರ್ಷ ಕಳೆದಳು. "ಇದನ್ನ ಯಾವನು ಮನೆ ತುಂಬಿಸ್ಕೊಂಡಾನು?" ಎಂದು ಅಜ್ಜಿ ದಿನವೂ ಗೋಳಾಡುತ್ತಿದ್ದಳು.

ಅವಳಿಗೆ ಹತ್ತು ವರ್ಷವಾದಾಗ ಊರಿಗೆ ಬಯಸ್ಕೋಪಿನವರು ಬಂದರು. ಎರಡು ಹುಣಸೆ ಮರಗಳ ನಡುವೆ ಬಿಳಿ ಬಟ್ಟೆ ಕಟ್ಟಿದರು. ಒಬ್ಬ ಕಥೆ ಕೂಗಿ ಹೇಳಿದ. ಇನ್ನೊಬ್ಬ ನಡುನಡುವೆ ಬಿಂದಿಗೆಯಿಂದ ಬಟ್ಟೆಯ ಮೇಲೆ ನೀರೆರಚಿದ. ಇಡೀ ಊರು ತಾರಾಮಣಿಯನ್ನು ನೋಡಿತು. ದೊಡ್ಡ ಮನೆಯ ಸೊಸೆ ತಾರಾಮಣಿ ಎಡಗೈಯಲ್ಲಿ ಕಾಗದ ಬರೆದಳು, ಎಡಗೈಯಲ್ಲಿ ಅತ್ತೆಗೆ ಬಡಿಸಿದಳು, ಎಡಗೈಯಲ್ಲೇ ದುಷ್ಟ ಜಮೀನ್ದಾರನ ಕೆನ್ನೆಗೆ ಬಿಟ್ಟಳು. ಅತ್ತೆ ಚಕಾರವೆತ್ತದೆ ಉಂಡಳು.

"ಅತ್ತೆ ತಾನೂ ಎಡಗೈಲೇ ಉಂಡ್ಲು ಮೇಷ್ಟ್ರೇ. ಸೆರಗೂ ನಮ್ಮಂಗಲ್ಲ, ಬಲಭುಜದ ಮೇಲೆ. ಬೊಂಬಾಯಿ ಕಡೆ ದೊಡ್ಡ ಮನೆಯೋರ ರೂಢಿ ಅಂದ್ಕಂಡೋ. ಬೆಳಗ್ಗೆ ಎದ್ದೋಳೇ ನಮ್ಮಜ್ಜಿ ನನ್ ಕೈ ಕಟ್ಟು ಬಿಚ್ಚಿದ್ಲು. 'ದೊರೆಸಾನಿ ಕೈ ಕಣೇ ನಿಂದು, ನಾನು ಪಾಪಿ, ಕಟ್ಟಾಕಿದ್ದೆ' ಅಂತ ಅತ್ಬಿಟ್ಲು."

ಆಮೇಲೆ ಆ ಕೈ ಸುಮ್ಮನೆ ಕೂರಲಿಲ್ಲ. ಮದುವೆಯಾಗಿ ಬೂದಿಗೆರೆಗೆ ಬಂದಾಗ ಕುಡುಗೋಲಿನ ಹಲ್ಲು ತನ್ನ ಕೈಗೆ ತಿರುಗಾಮುರುಗಾ ಎಂದು ಕಮ್ಮಾರನ ಹತ್ತಿರ ಎಡಗೈ ಕುಡುಗೋಲು ಮಾಡಿಸಿದಳು. ಹುಳು ಹಣ್ಣಾಗಿ ಗೂಡು ಕಟ್ಟಲು ಹೊರಟ ದಿನ ಗಂಡ ಬಲಗೈಯಲ್ಲಿ, ಹೆಂಡತಿ ಎಡಗೈಯಲ್ಲಿ, ಒಂದೇ ಬಿದಿರಿನ ಚಂದ್ರಿಕೆಗೆ ಹೆಗಲಿಗೆ ಹೆಗಲು ತಾಗಿಸಿ ಕೂತು ಹುಳು ಬಿಡುತ್ತಿದ್ದರು. ಮೊಣಕೈಗೆ ಮೊಣಕೈ ತಗಲುತ್ತಿರಲಿಲ್ಲ. ಮೂವತ್ತೈದು ವರ್ಷದ ಸಂಸಾರಕ್ಕೆ ಇನ್ನೇನು ಬೇಕು? ಮಾತು ಎಷ್ಟು ತಗಲಿದರೂ ನಡೆಯುತ್ತದೆ.

ಆದಿನಾರಾಯಣಪ್ಪ ಬರೆಯುತ್ತಲೇ ಇದ್ದ. ಆದರೆ ಪೆನ್ಸಿಲು ನಿಧಾನವಾಗುತ್ತಿತ್ತು. ಅವನ ಚೀಲದ ಕರಪತ್ರದಲ್ಲಿ ತಾರಾಮಣಿ ಬಲಗೈಯಲ್ಲಿ ಬರೆಯುತ್ತಿದ್ದಳು.

"ಕೆನ್ನೆ ಮೇಲೆ ಮಚ್ಚೆ ಇತ್ತಾ ಅಮ್ಮಾ?"

"ಇತ್ತು, ಎಡಗೆನ್ನೆ ಮೇಲೆ, ಹೆಸರುಕಾಳಿನಷ್ಟು."

ಕರಪತ್ರದಲ್ಲಿ ಮಚ್ಚೆ ಬಲಗೆನ್ನೆಯಲ್ಲಿತ್ತು. ಮೂರು ವರ್ಷ ಹುಡುಕಿ ಸಿಕ್ಕ ಒಬ್ಬಳೇ ಸಾಕ್ಷಿಯೂ ಸುಳ್ಳು ಸಾಕ್ಷಿಯಾದಳಲ್ಲ ಎಂದು ಅವನ ಮುಖ ಇಳಿಯಿತು. ಸುಮ್ಮನೆ ಮಾತಿಗೆ ಕೇಳಿದ:

"ನೀವು ಎಲ್ಲಿ ಕುಂತಿದ್ರಿ?"

"ಎಲ್ಲಿ ಅಂದ್ರೆ? ಹೆಂಗಸ್ರು ಕೂರೋ ಕಡೆ. ಗಂಡಸ್ರು ಪರದೆ ಮುಂದೆ, ನಾವು ಹಿಂದೆ. ಅವ್ರ ಜೊತೆ ಕೂರಿಸ್ತಾರಾ ನಮ್ಮನ್ನ? ಬಟ್ಟೆ ನೆನೆಸೋದೇ ಹಿಂದಿರೋರಿಗೂ ಕಾಣ್ಲಿ ಅಂತ. ಆ ಪುಣ್ಯಾತ್ಮ ಎರಚಿದ ನೀರೆಲ್ಲ ನಮ್ ತಲೆ ಮೇಲೆ."

ಆದಿನಾರಾಯಣಪ್ಪ ಪೆನ್ಸಿಲು ಕೆಳಗಿಟ್ಟ. ಪರದೆಯ ಹಿಂದಿನಿಂದ ನೋಡಿದರೆ ಬಲ ಎಡವಾಗುತ್ತದೆ. ಕೈ, ಮಚ್ಚೆ, ಸೆರಗು, ಉಣ್ಣುವ ಅತ್ತೆ, ಎಲ್ಲವೂ. ಚಿತ್ರದ ನಡುನಡುವೆ ಬರುತ್ತಿದ್ದ ಅಕ್ಷರಗಳೂ ತಿರುಗಿಯೇ ಬಂದಿರಬೇಕು. ಓದು ಬಾರದವರಿಗೆ ಅವು ಯಾವ ಕಡೆ ತಿರುಗಿದ್ದರೇನು? ಕಾದಂಬರಿ ಕೇಳಿ ಕಥೆ ಕಟ್ಟಿದವಳಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಇವಳು ನೋಡಿದ್ದಾಳೆ! ಅವನಿಗೆ ಎದ್ದು ಕುಣಿಯಬೇಕೆನ್ನಿಸಿತು.

ಆದರೆ ಕಣ್ಣು ಆ ಪುಟ್ಟ ಎಲೆಯ ಮೇಲೆ ಬಿದ್ದು, ಕುಣಿತ ಅಲ್ಲೇ ನಿಂತಿತು. ನಲವತ್ತು ವರ್ಷ ಈ ಹೆಂಗಸು ನೆನೆದು ಎಡೆಯಿಟ್ಟದ್ದು ಇಲ್ಲದ ಎಡಗೈಗೆ. ಅದನ್ನು ಹೇಳುವುದು ಹೇಗೆ? ಅವಳ ಕೈಯನ್ನು ಮತ್ತೆ ಸೊಂಟಕ್ಕೆ ಕಟ್ಟಿದಂತಲ್ಲವೇ? ಚೀಲವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ತಳ್ಳಿದ.

"ಏನದು ಮೇಷ್ಟ್ರೇ, ಮುಚ್ಚಿಡ್ತಿದೀರಿ?" ಎಂದ ರಾಮಾಂಜಿನಪ್ಪ. ಅಷ್ಟು ಹೊತ್ತಿಗೆ ಕರಪತ್ರ ಅವನ ಕೈಯಲ್ಲಿತ್ತು. "ಲೇ, ಇವಳೇ ಏನೇ ನಿನ್ ತಾರಾಮಣಿ? ಬಲಗೈಲಿ ಬರೀತಾವ್ಳಲ್ಲೇ!"

ಸಪ್ಪಲಮ್ಮ ಎಡಗೈ ಚಾಚಿ ಅದನ್ನು ಇಸಿದುಕೊಂಡಳು. ನೋಡಿದಳು. ಮತ್ತೆ ನೋಡಿದಳು. ರಾಮಾಂಜಿನಪ್ಪನ ನಗು ಒಣಗಿತು. ಆದಿನಾರಾಯಣಪ್ಪ ತಡವರಿಸುತ್ತಾ ಪರದೆ, ಹಿಂದು, ಮುಂದು ಎಂದು ವಿವರಿಸಿದ. ವಿವರಿಸಿದಷ್ಟೂ ತಾನೇ ಆ ದುಷ್ಟ ಜಮೀನ್ದಾರ ಎಂದು ಅವನಿಗನ್ನಿಸಿತು.

ಅವಳು ಎದ್ದು ತಲೆಬಾಗಿಲಿಗೆ ಹೋದಳು. ಕರಪತ್ರವನ್ನು ಹಿಂದುಮುಂದಾಗಿ ತಿರುಗಿಸಿ ಬಿಸಿಲಿಗೆ ಎತ್ತಿ ಹಿಡಿದಳು. ತೆಳುಕಾಗದದೊಳಗಿಂದ ಬೆಳಕು ಹಾಯ್ದು ತಾರಾಮಣಿ ಮೂಡಿದಳು. ಲೇಖನಿ ಎಡಗೈಯಲ್ಲಿ, ಮಚ್ಚೆ ಎಡಗೆನ್ನೆಯಲ್ಲಿ.

"ಇವಳು ಕಣ್ರೀ ನಮ್ಮೋಳು. ಈ ಕಡೆಯಿಂದ ನೋಡ್ಬೇಕು ಅಷ್ಟೇ." ಕರಪತ್ರ ಇಳಿಸಿ ಮೇಷ್ಟ್ರ ಕಡೆ ತಿರುಗಿದಳು. "ನಮ್ಮಜ್ಜಿ ಕಟ್ಟು ಬಿಚ್ಚಿದ್ದು ನಿಜ ತಾನೆ ಮೇಷ್ಟ್ರೇ?"

"ನಿಜ ಅಮ್ಮಾ."

"ಹಂಗಾದ್ರೆ ಎಡೇನೂ ಸರಿ. ಪಾಪ, ತನಗೆ ಗೊತ್ತಿಲ್ದಂಗೆ ಉಪಕಾರ ಮಾಡವ್ಳೆ. ಗೊತ್ತಿದ್ದು ಮಾಡೋರ್ಗಿಂತ ಅವಳ್ಗೆ ಒಂದು ವಡೆ ಜಾಸ್ತೀನೇ ಇಡ್ಬೇಕು."

ಹೇಳಿದವಳೇ ಒಳಗೆ ಹೋಗಿ, ಪುಟ್ಟ ಎಲೆಗೆ ಮೂರನೆಯ ವಡೆ ಇಟ್ಟು ಕೈಮುಗಿದಳು. ರಾಮಾಂಜಿನಪ್ಪನೂ ಸುಮ್ಮನೆ ಬಂದು ಪಕ್ಕದಲ್ಲಿ ನಿಂತು ಕೈಮುಗಿದ. ಆದಿನಾರಾಯಣಪ್ಪನ ಕಣ್ಣು ತುಂಬಿತು. ತನ್ನ ಲೇಖನದ ಕೊನೆಯ ಸಾಲು ಈಗ ಈ ಬಾಯಿಂದಲೇ ಬರಬೇಕು ಎಂದುಕೊಂಡು ಪೆನ್ಸಿಲನ್ನು ಮತ್ತೆ ಕೈಗೆತ್ತಿಕೊಂಡ.

"ಅಮ್ಮಾ, ಇದೊಂದು ಹೇಳ್ಬಿಡಿ. ಆವತ್ತು ನೀವು ಪರದೆ ಮುಂದೆ ಕುಂತಿದ್ದಿದ್ರೆ ಏನಾಗ್ತಿತ್ತು?"

ಸಪ್ಪಲಮ್ಮ ನಿಜವಾಗಿಯೂ ಯೋಚಿಸಿದಳು. ಬಡಿಸಲು ಎತ್ತಿದ್ದ ಪಾಯಸದ ಸೌಟು ಎಡಗೈಯಲ್ಲಿ ಅರ್ಧಕ್ಕೆ ನಿಂತಿತ್ತು.

"ನೆಗಡಿ ಆಗ್ತಿರ್ಲಿಲ್ಲ," ಎಂದಳು.