ಸಮೀಹಾಳ ಇಡೀ ಕೋಳಿ

ಸೈದಾ ಊರಿನ ಹಳೇ ಪೇಟೆಯಲ್ಲಿ ಮದುವೆಯಾದ ಹುಡುಗಿಯರಿಗೆಲ್ಲ ಮದುವೆಯ ಬಿಳಿ ಉಡುಪು ಹೊಲಿದುಕೊಟ್ಟವಳು ಸಮೀಹಾ. ತನಗೆಂದು ಮಾತ್ರ ಒಂದನ್ನೂ ಹೊಲಿದುಕೊಳ್ಳದೆ ಐವತ್ತು ದಾಟಿದಳು. ಮೊದಲು ಅಪ್ಪನ ಆರೈಕೆ, ಆಮೇಲೆ ಅಮ್ಮನದು, ಆಮೇಲೆ ಒಂಟಿತನವೇ ರೂಢಿಯಾಯಿತು. ಹಾಗಂತ ಅಳುಮೋರೆಯವಳೇನಲ್ಲ ಮಾರಾಯರೇ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎದುರಿನವರನ್ನು ನಗಿಸುವ ಹೆಂಗಸು. ಶುಕ್ರವಾರ ಹೊಲಿಗೆಗೆ ರಜೆ. ಅಂದು ಪುಟ್ಟ ತಟ್ಟೆಯಲ್ಲಿ ಕೋಳಿಯ ಒಂದು ಕಾಲು, ಒಂದಿಷ್ಟು ಆಲೂಗಡ್ಡೆ ಜೋಡಿಸಿ ನಜೀಬನ ಬೇಕರಿಯ ಕಟ್ಟೆಯ ಮೇಲಿಟ್ಟು ಬರುತ್ತಾಳೆ.

ಗಲ್ಲಿಯವರೆಲ್ಲರ ಪದ್ಧತಿಯೂ ಅದೇ. ರೊಟ್ಟಿ ಸುಟ್ಟು ಮುಗಿದ ಮೇಲೆ ಆ ದೊಡ್ಡ ಒಲೆಯ ಕಾವಿನಲ್ಲಿ ಎಲ್ಲ ಮನೆಗಳ ತಟ್ಟೆಗಳೂ ಬೇಯುತ್ತವೆ. ಯಾರದು ಯಾವುದೆಂದು ತಿಳಿಯಬೇಕಲ್ಲ, ಅದಕ್ಕೇ ಗುರುತು. ಒಬ್ಬರು ನಟ್ಟನಡುವೆ ಮೆಣಸಿನಕಾಯಿ ಚುಚ್ಚುತ್ತಾರೆ, ಇನ್ನೊಬ್ಬರು ಇಡೀ ಈರುಳ್ಳಿ ಕೂರಿಸುತ್ತಾರೆ. ಸಮೀಹಾಳದು ಅರ್ಧ ನಿಂಬೆಹಣ್ಣು. ಪಕ್ಕದ ಮನೆಯ ಮುದುಕಿ ಉಮ್ಮ್ ಫಹೀಮಳಿಗೆ ಯಾವ ಗುರುತೂ ಬೇಡ, ಅವಳ ತಟ್ಟೆಯ ಅಂಚು ನಗ್ಗಿರುವುದು ಊರಿಗೇ ಗೊತ್ತು.

ಕಳೆದ ಶುಕ್ರವಾರ ನಜೀಬ ತಟ್ಟೆ ಕೊಡುತ್ತಾ ಕೊಡುತ್ತಾ ಅದರಿಂದ ಕೈ ತೆಗೆಯಲೇ ಇಲ್ಲ. ಹೆಂಡತಿ ತೀರಿಹೋಗಿ ಬಹಳ ವರ್ಷವಾದ ಗಂಡಸು, ಕೆಂಡದೆದುರು ನಿಂತು ನಿಂತು ಮುಖ ಮೊದಲೇ ಕೆಂಪು. ಅಂದು ಕಿವಿಯೂ ಕೆಂಪಾಗಿತ್ತು.

"ಸಮೀಹಾ ಅವರೇ, ಈ ಒಂಟಿ ಕಾಲು ನೋಡಿ ನೋಡಿ ನನಗೆ ಸಾಕಾಗಿದೆ. ಮುಂದಿನ ಶುಕ್ರವಾರ ಇಡೀ ಕೋಳಿ ಇಡಿ. ಇಟ್ಟರೆ ನಾನೇ ಹೊತ್ಕೊಂಡು ನಿಮ್ಮನೆಗೆ ಊಟಕ್ಕೆ ಬರ್ತೀನಿ, ಆಮೇಲೆ ಬೇರೆ ಊರಲ್ಲಿರೋ ನಿಮ್ಮಣ್ಣನ ಹತ್ರ ಮದುವೆ ಮಾತಾಡ್ತೀನಿ. ಕಾಲೇ ಬಂದ್ರೆ ಬೇಯಿಸಿ ಕೊಡ್ತೀನಿ, ಇನ್ನೊಂದ್ಸಲ ಕೇಳಲ್ಲ."

ಆ ವಾರವೆಲ್ಲ ಸಮೀಹಾ ನೆಲದ ಮೇಲೆ ಇರಲಿಲ್ಲ. ಒಂದು ಅಂಗಿಗೆ ಎರಡೂ ಎಡತೋಳು ಹೊಲಿದಳು. ಇಡೀ ಕೋಳಿ ಕೊಳ್ಳುವಾಗ ಅಂಗಡಿಯವನು, "ಏನಕ್ಕಾ, ಯಾರು ನೆಂಟರು?" ಎಂದರೆ, "ಹೊಟ್ಟೆಬಾಕರು ಕಣೋ, ಕೊಬ್ಬಿರೋದನ್ನೇ ಕೊಡು" ಎಂದು ತಾನೇ ಕಿಸಕ್ಕನೆ ನಕ್ಕಳು.

ಶುಕ್ರವಾರ ಬೆಳಿಗ್ಗೆ ಕೋಳಿಗೆ ಬೆಳ್ಳುಳ್ಳಿ, ಉಪ್ಪು, ಆಲಿವ್ ಎಣ್ಣೆ ಹಚ್ಚಿ, ಮಗುವಿಗೆ ಎಣ್ಣೆ ನೀವಿದ ಹಾಗೆ ನೀವಿದಳು. "ಮಾನ ಕಾಪಾಡಪ್ಪಾ" ಎಂದು ಅದರ ಬೆನ್ನು ತಟ್ಟಿದಳು. ಸುತ್ತ ಆಲೂಗಡ್ಡೆ ಹೋಳು ಸುರಿದಳು. ಪುಟ್ಟ ತಟ್ಟೆಯಲ್ಲಿ ಇಡೀ ಕೋಳಿ ಹಿಡಿಸೀತೇ? ಓಡಿಹೋಗಿ ಉಮ್ಮ್ ಫಹೀಮಳ ತಟ್ಟೆ ಕೇಳಿ ತಂದಳು. ನಿಂಬೆಹಣ್ಣು ಕೊಯ್ದು ಒಂದು ಹೋಳು ಹಿಂಡಿದಳು, ಖುಷಿಯಲ್ಲಿ ಇನ್ನೊಂದನ್ನೂ ಹಿಂಡಿ ಸಿಪ್ಪೆ ಕಿಟಕಿಯಾಚೆ ಎಸೆದಳು. ಗುರುತೂ ಅದರ ಜೊತೆಗೇ ಹೋಯಿತು ಎಂದು ಆ ಹುಚ್ಚಿಗೆ ಹೊಳೆಯಲೇ ಇಲ್ಲ. ನಾಚಿಕೆ ಬೇರೆ! ನಜೀಬ ಒಳಗೆ ಹಿಟ್ಟು ನಾದುತ್ತಿದ್ದಾಗ ಕಳ್ಳಿಯಂತೆ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಓಡಿಬಂದಳು.

ಮನೆಯಲ್ಲಿ ಹುರುಳಿಕಾಯಿಯನ್ನು ಟೊಮೇಟೊ ಜೊತೆ ಬೇಯಿಸಿ, ಇಬ್ಬರಿಗೆ ಬಡಿಸಲು ಇಟ್ಟು ಕಾದಳು. ನಮಾಜು ಮುಗಿಯಿತು. ಗಲ್ಲಿಯವರೆಲ್ಲ ತಮ್ಮ ತಮ್ಮ ತಟ್ಟೆ ಹೊತ್ತು ಘಮಘಮಿಸುತ್ತಾ ಹೋದರು. ಹುರುಳಿಕಾಯಿ ಆರಿತು. ನಜೀಬನ ಸುಳಿವಿಲ್ಲ. ಮನಸ್ಸು ಬದಲಾಯಿಸಿದನೇ? ಅವಳು ಮನೆ ಚಪ್ಪಲಿಯಲ್ಲೇ ಓಡಿದಳು.

ನಜೀಬ ಬೇಕರಿಯ ಬಾಗಿಲು ಎಳೆಯುತ್ತಿದ್ದ. ಮುಖ ಸತ್ತಹಾಗಿತ್ತು.

"ನನ್ನ ತಟ್ಟೆ ಎಲ್ಲಿ?"

"ಇಟ್ಟಿದ್ರೆ ತಾನೆ? ನಿಂಬೆಹಣ್ಣು ಹುಡುಕಿ ಹುಡುಕಿ ಒಲೆಯೊಳಗೆ ತಲೆ ತೂರಿಸಿ ಹುಬ್ಬು ಸುಟ್ಕೊಂಡೆ. ಬೇಡ ಅಂದ್ರೆ ಬೇಡ ಅನ್ನಿ, ಒಂದು ಕಾಲಾದ್ರೂ ಕಳಿಸಬಾರದಿತ್ತಾ?"

"ಅಯ್ಯೋ! ಉಮ್ಮ್ ಫಹೀಮಜ್ಜಿ ತಟ್ಟೇಲಿತ್ತು!"

"ಅದನ್ನ ಅಜ್ಜಿಗೇ ತಲುಪಿಸಿಬಂದೆನಲ್ಲ, ಮಂಡಿನೋವು ಪಾಪ ಅಂತ!"

"ಅದು ನಂದು! ಇಡೀ ಕೋಳಿ! ನಾನಿಟ್ಟಿದ್ದು ಇಡೀ ಕೋಳಿ ಕಣ್ರೀ!"

ಗುಟ್ಟಾಗಿ ಹೇಳಬೇಕಿದ್ದ ಉತ್ತರ ಹೀಗೆ ಬೀದಿಗೆಲ್ಲ ಕೇಳಿತು. ಕಿಟಕಿಗಳು ಪಟಪಟ ತೆರೆದುಕೊಂಡವು. ಮೇಲಿನಿಂದ ಯಾರೋ, "ಆಯ್ತು ಬಿಡಮ್ಮಾ, ಕೋಳಿ ಇಡೀದೇ, ಒಪ್ಪಿದ್ವಿ!" ಎಂದು ಕೂಗಿದರು. ನಜೀಬ ಬೀಗ ಹಾಕುವುದನ್ನೂ ಮರೆತು ಓಡಿದ, ಅವಳು ಹಿಂದಿನಿಂದ.

ಉಮ್ಮ್ ಫಹೀಮ ಬೆರಳು ನೆಕ್ಕುತ್ತಾ ಕೂತಿದ್ದಳು.

"ಅಜ್ಜೀ, ಅದು ನಿಮ್ಮದಲ್ಲ!"

"ತಟ್ಟೆ ನನ್ನದೇ ಅಲ್ವಾ ಮಗಾ? ಬಾಡಿಗೆ ಅಂದ್ಕೊಂಡೆ. ಒಂದೇ ಕಾಲು ತಿಂದಿದೀನಿ, ಸುಳ್ಳು ಹೇಳಲ್ಲ. ನಿಂಬೆಹಣ್ಣು ವಿಪರೀತ ಹುಳಿ."

ತಟ್ಟೆ, ಅಜ್ಜಿ ಎರಡನ್ನೂ ಸಮೀಹಾಳ ಮನೆಗೆ ಸಾಗಿಸಿದರು. ಹುರುಳಿಕಾಯಿ ಮತ್ತೆ ಬಿಸಿಯಾಯಿತು. ನಜೀಬ ಕೂತವನು ಕೋಳಿಯನ್ನು ದಿಟ್ಟಿಸಿ ತಲೆ ಕೆರೆದುಕೊಂಡ. ಸುಟ್ಟ ಹುಬ್ಬಿನಲ್ಲಿ ಅವನ ಮುಖ ನೋಡಲಾಗದು, ನಗದೆ ಇರಲಾಗದು.

"ಈಗ ಇರೋದು ಒಂದೇ ಕಾಲಲ್ವಾ? ಕಾಲು ಅಂದ್ರೆ..." ಎಂದು ಅವನು ಮೆಲ್ಲಗೆ ತಡವರಿಸಿದ.

ಸಮೀಹಾ ಕೋಳಿಗೆ ಕೈ ಹಾಕಿದಳು. ವರ್ಷಗಟ್ಟಲೆ ಪ್ರತಿ ಶುಕ್ರವಾರ ತಾನೊಬ್ಬಳೇ ತಿನ್ನುತ್ತಿದ್ದಂಥ ಆ ಒಂಟಿ ಕಾಲನ್ನು ಮುರಿದು ಅವನ ತಟ್ಟೆಗೆ ಹಾಕಿದಳು.