ಏಲಕ್ಕಿ ಡಬ್ಬಿಯ ಅತಿಮಧುರ

ನಮ್ಮ ಅಡುಗೆಮನೆಯ ಏಲಕ್ಕಿ ಡಬ್ಬಿಯಲ್ಲಿ, ಬೋಡಿಮೆಟ್ಟು ಘಟ್ಟದಿಂದ ಇಳಿದು ಬಂದ ಹಸಿರು ಕಾಯಿಗಳ ನಡುವೆ, ಅತಿಮಧುರದ ಬೇರಿನ ನಾಲ್ಕು ತುಂಡುಗಳು ಮೊನ್ನೆಮೊನ್ನೆಯವರೆಗೂ ಬಿದ್ದುಕೊಂಡಿದ್ದವು. ಮೇಲೆ ಕಂದು, ಮುರಿದರೆ ಹಳದಿ. ಜಗಿದರೆ ಮೊದಲು ಬರೀ ಸೌದೆಯ ರುಚಿ, ಆಮೇಲೆ ಬೇಡವೆಂದರೂ ಬಿಡದ ಸಿಹಿ. ನಿಮ್ಮ ಕಡೆ ಅದು ಜ್ಯೇಷ್ಠಮಧು.

ನನಗೆ ಅದರ ಸಹವಾಸವಾದದ್ದು ಗಂಟಲಿನ ದೆಸೆಯಿಂದ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಭತ್ತಕ್ಕೂ ಈಗೀಗ ದ್ರಾಕ್ಷಿಗೂ ನೀರು ಕಟ್ಟಿಕೊಂಡು ಬಾಳುವ ನಮ್ಮ ಕನ್ನಡದ ಮನೆಗಳಲ್ಲಿ ಮದುವೆಯ ಮಾತುಕತೆ, ಊಟ, ಮುನಿಸು ಎಲ್ಲವೂ ತಮಿಳಿಗೆ ಸರಿದುಹೋಗಿವೆ. ಉಳಿದಿರುವುದೊಂದೇ: ತಾಳಿ ಕಟ್ಟುವ ಮೊದಲು ನಮ್ಮ ಮನೆತನದ ಒಬ್ಬ ಎದ್ದುನಿಂತು ಏಳು ತಲೆಮಾರಿನ ಹಿರಿಯರನ್ನು ಹೆಸರು ಹಿಡಿದು ಕನ್ನಡದಲ್ಲಿ ಕರೆಯುವುದು. ಒಂದು ಹೆಸರು ಸಭೆಗೆ ಕೇಳಿಸದಿದ್ದರೂ ಮತ್ತೆ ಮೊದಲಿನಿಂದ ಕರೆಯಬೇಕು. ಆ ಕೆಲಸ ನನ್ನದು. ತಮ್ಮನ ಮಗಳ ಮದುವೆಗೆ ಎರಡು ತಿಂಗಳಿದೆ ಎನ್ನುವಾಗ ಗಂಟಲು ಊದಿಕೊಂಡಿತು.

ಈ ಹೆಸರುಗಳನ್ನು ನನಗೆ ಬಾಯಿಪಾಠ ಮಾಡಿಸಿದವಳು ಅಪ್ಪನ ಅಕ್ಕ, ನನ್ನ ಅತ್ತೆ. ಬೇರನ್ನು ಕೈಗಿಟ್ಟವಳೂ ಅವಳೇ. “ಮೂರ್ ಹೊತ್ತೂ ಅಗಿ ತಂಬಿ, ಕಷಾಯಾನೂ ಕುಡಿ. ನೀ ಹಿಂಗೆ ಕಾಗೆ ಕೂಗ್ದಂಗೆ ಕೂಗಿದ್ರೆ ಅಜ್ಜಂದ್ರು ಬರಾದಿಲ್ಲ, ಎದ್ದು ಓಡ್ತಾರೆ.”

ಅಗಿದೆ, ಕುಡಿದೆ. ಗಂಟಲಿನ ಊತ ಇಳಿಯಿತು. ಇಳಿದದ್ದು ಎಲ್ಲಿಗೆಂದರೆ ಪಾದಕ್ಕೆ. ಚಪ್ಪಲಿ ಹಿಡಿಯದಾಯಿತು, ತಲೆ ಭಾರ, ಎರಡು ಮೆಟ್ಟಿಲು ಹತ್ತಿದರೆ ಸಾಕು ಸಾಕೆನಿಸುವ ಬಳಲಿಕೆ. ತೇನಿಯ ಡಾಕ್ಟರಮ್ಮ ರಕ್ತದೊತ್ತಡ ನೋಡಿ, ದಿನಾ ನುಂಗುವ ಒತ್ತಡದ ಮಾತ್ರೆ ತಪ್ಪಿಸಿದಿರಾ, ಬೇರೆ ಮದ್ದು ಏನಾದರೂ ಉಂಟಾ ಎಂದು ಎರಡೆರಡು ಸಲ ಕೇಳಿದರು. ಇಲ್ಲವೆಂದೆ. ಸುಳ್ಳಲ್ಲ. ನಮ್ಮಲ್ಲಿ ಕಹಿಯಾಗಿದ್ದರಷ್ಟೇ ಮದ್ದು; ಸಿಹಿಯಾದದ್ದನ್ನು ಯಾರು ಲೆಕ್ಕಕ್ಕೆ ಹಿಡಿದಾರು? ಏಳುವ ಹೊತ್ತಿಗೆ ಅಂಗಿಯ ಜೇಬಿನಿಂದ ತುಂಡೊಂದು ಮೇಜಿನ ಮೇಲೆ ಬಿತ್ತು.

“ಇದು?”

“ಅತಿಮಧುರ. ಸುಮ್ಮನೆ ಬಾಯಿಗೆ.”

ಅವರು ಬಯ್ಯಲಿಲ್ಲ, ಅವರೂ ದಣಿದಿದ್ದರು. ಉರಿಯೂತ ತಗ್ಗಿಸಲು ಮೈಯೇ ಒಸರಿಸುವ ರಸವೊಂದಿದೆಯಂತೆ. ಅದು ಬೇಗ ಸವೆದುಹೋಗದಂತೆ ಈ ಬೇರಿನ ಸತ್ವ ತಡೆದು ನಿಲ್ಲಿಸುತ್ತದಂತೆ. ಗಂಟಲಿಗೆ ಅದೇ ಉಪಕಾರ. ಆದರೆ ಆ ರಸ ನಿಂತಷ್ಟೂ ಉಪ್ಪು, ನೀರು ಮೈಯಲ್ಲೇ ನಿಲ್ಲುತ್ತವೆ, ಒತ್ತಡ ಏರುತ್ತದೆ. ಇವತ್ತಿಗೇ ಬಿಡಿ ಎಂದರು. ಮದುವೆಗೆ ಆರು ದಿನವಿತ್ತು.

ಬಸ್ಸಿನಲ್ಲಿ ಮರಳುವಾಗ ಯೋಚಿಸಿದೆ, ಗೆಳೆಯರೇ: ಹೋಗುವುದನ್ನು ಹೋಗಗೊಡದೆ ತಡೆಯುವ ಚಪಲ ಈ ಬೇರಿಗಷ್ಟೇ ಅಲ್ಲ. ಏಳು ಹೆಸರುಗಳನ್ನು ಒಂದೇ ಗಂಟಲಲ್ಲಿ ಹಿಡಿದಿಟ್ಟು ನಾನೂ ಊದಿಕೊಂಡಿದ್ದೆನೇನೋ.

ಬೇರು ಬಿಟ್ಟ ಮೇಲೆ ಗಂಟಲು ಮತ್ತೆ ಊದಿಕೊಂಡಿತು. ಆದರೂ ಮದುವೆಯ ದಿನ ಎದ್ದುನಿಂತೆ. ನಾಲ್ಕು ಹೆಸರು ಹೇಗೋ ದಾಟಿದವು. ಐದನೆಯದಕ್ಕೆ ಬಾಯಿ ತೆರೆದರೆ ಗಾಳಿಯಷ್ಟೇ ಬಂತು. ಮತ್ತೆ ಮೊದಲಿನಿಂದ ಶುರುಮಾಡುವ ತ್ರಾಣ ನನ್ನಲ್ಲಿರಲಿಲ್ಲ. ಆಗ ಮಣೆಯ ಮೇಲೆ ಕೂತಿದ್ದ ಮದುಮಗಳು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಟ್ಟು ಬೆಳೆದ ಹುಡುಗಿ, ತಲೆ ಬಗ್ಗಿಸಿಕೊಂಡೇ ಆ ಹೆಸರನ್ನು ಹೇಳಿದಳು. ಹೇಳಿ, “ಬಾ, ಕೂತ್ಕೋ ಅಜ್ಜಾ” ಎಂದಳು.

ಸಭೆ ಅತ್ತೆಯ ಮುಖ ನೋಡಿತು. ಹೆಣ್ಣು, ಅದೂ ಮದುಮಗಳೇ, ಕರೆದದ್ದು ಹಿಂದೆ ಇರಲಿಲ್ಲ.

“ಏನ್ ನೋಡ್ತೀರಿ? ನಂಗೆ ಕೇಳಿಸ್ತು,” ಎಂದಳು ಅತ್ತೆ. “ಮುಂದಿಂದು ಹೇಳವ್ವಾ.”

ಉಳಿದೆರಡನ್ನೂ ಮದುಮಗಳೇ ಕರೆದಳು. ನಾನು ಕೂತೆ, ಎಷ್ಟೋ ದಿನಗಳ ಮೇಲೆ ನಿಜವಾಗಿ ಕೂತೆ.

ಮನೆಗೆ ಬಂದು ಏಲಕ್ಕಿ ಡಬ್ಬಿಯಿಂದ ಆ ತುಂಡುಗಳನ್ನು ಆಯ್ದು, ಮಾತ್ರೆಗಳಿಡುವ ಪೆಟ್ಟಿಗೆಗೆ ಹಾಕಿದೆ. ಈಗ ಮಾತ್ರೆ ತೆಗೆಯುವಾಗಲೆಲ್ಲ ಏಲಕ್ಕಿಯ ಪರಿಮಳ ಬರುತ್ತದೆ.