ಸಭೆಯ ಮುಂದೆ ಹೇಳಬಾರದ ಪದ

ಒಂದು ಸಮಾಜ ಎಷ್ಟು ನಾಗರಿಕವಾದದ್ದು ಎಂಬುದು ಅದು ಯಾವ ಮಾತನ್ನು ಬಾಯಿಗೆ ತರುವುದಿಲ್ಲ ಎನ್ನುವುದರಿಂದ ತಿಳಿಯುತ್ತದೆ. ಈ ಮಹಾಸತ್ಯ ನನಗೆ ಹೊಳೆದದ್ದು ಮೊಬೈಲಿನಲ್ಲಿ ಕೇರಂ ಆಡುತ್ತಾ, ರೆಡ್ ಹಾಕಿ ಕವರ್ ಮಿಸ್ ಮಾಡಿಕೊಂಡ ಒಂದು ಮಧ್ಯಾಹ್ನ.

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನವರು ಆನ್‌ಲೈನಿನಲ್ಲಿ ಒಂದು ಕೇರಂ ಗುಂಪು ಕಟ್ಟಿಕೊಂಡಿದ್ದೇವೆ. ಕೆಳಗಿನ ಹಾಲಿನಲ್ಲಿ ನಿಜವಾದ ಬೋರ್ಡೇ ಇದೆ. ಅದರ ಮೇಲೆ ಅಸೋಸಿಯೇಷನ್ನಿನ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿಟ್ಟಿರುವುದರಿಂದ ಅವರವರ ಸೋಫಾದಿಂದಲೇ ಆಡುತ್ತೇವೆ. ಆಟದ ಪಕ್ಕದಲ್ಲಿ ಚಾಟ್ ಓಡುತ್ತಿರುತ್ತದೆ. "ಸಖತ್ ಗುರು", "ಏನ್ ಸಾರ್, ಕನ್ನಡಕ ಮರೆತ್ರಾ" ಎಂಬ ಮಟ್ಟದ ಸಾಹಿತ್ಯ.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವರು ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದ, ಬಾಗಲಕೋಟೆ ಕಡೆಯ ಹೆಣ್ಣುಮಗಳು. ಬಿ.ಟಿ.ಎಂ.ನ ಯಾವುದೋ ಆಫೀಸಿನಲ್ಲಿ ಕೆಲಸ. ಆಕೆಯ ಜಾತಿ ಯಾವುದೆಂದು ಮನೆ ಬಾಡಿಗೆಗೆ ಕೊಡುವಾಗಲೇ ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ಅಂಥ ಮಾಹಿತಿ ನಮ್ಮಲ್ಲಿ ಲಿಫ್ಟಿಗೆ ಕಾಯುವುದಿಲ್ಲ. ಆ ಮಧ್ಯಾಹ್ನ ಎರಡನೇ ಮಹಡಿಯ ದಂತವೈದ್ಯರು ಆಕೆಯೆದುರು ಸೋತರು. ಸೋತವರು ಆ ಜಾತಿ ಹಿಡಿದು ಒಂದು ಪದ ಟೈಪ್ ಮಾಡಿದರು. ಅದಕ್ಕೆ ಇಬ್ಬರು ನಗುವ ಮುಖ ಒತ್ತಿದರು. ಆಮೇಲೆ ದಂತವೈದ್ಯರು ಪದವನ್ನು ಅಳಿಸಿದರು. ಅಷ್ಟರಲ್ಲಿ ನೋಡಬೇಕಾದವರೆಲ್ಲ ನೋಡಿಯಾಗಿತ್ತು.

ಸಂಜೆ ಪಾರ್ಕಿಂಗಿನಲ್ಲಿ ಸಿಕ್ಕ ಆಕೆ ನನಗೆ ಹೇಳಿದ್ದು ಇಷ್ಟೇ: "ಆಟದಾಗ ಫಿಲ್ಟರ್ ಅಂತ ಒಂದ್ ಐತ್ರಿ ಸರ. ಅದರಾಗ ಪದ ಹಾಕಿಟ್ರ ಯಾರ ಟೈಪ್ ಮಾಡಿದ್ರೂ ಬರಂಗಿಲ್ಲ. ಹಾಕಿಸ್ರಿ, ಆಡ್ತೀನಿ. ಇಲ್ಲಾಂದ್ರ ಗುಂಪು ಬಿಡ್ತೀನ್ರಿ."

ಒಂದು ನಿಮಿಷದ ಕೆಲಸ. ಆದರೆ ಗುಂಪಿನ ಅಡ್ಮಿನ್ ನಮ್ಮ ಅಸೋಸಿಯೇಷನ್ನಿನ ಕಾರ್ಯದರ್ಶಿ. ನಿರ್ಣಯವಿಲ್ಲದೆ ಮೆಟ್ಟಿಲ ಮೇಲಿನ ಬಲ್ಬನ್ನೂ ಬದಲಾಯಿಸುವವರಲ್ಲ. ನಾನು ವಿಷಯ ಮುಟ್ಟಿಸಿದ ಮೇಲೆ ಭಾನುವಾರ ಸಭೆ ಕರೆದರು. ಈ ಸಭೆಗೆ ನಿಷೇಧದ ಅನುಭವವೇನೂ ಕಡಿಮೆಯಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದು, ಡೆಲಿವರಿಯವರು ದೊಡ್ಡ ಲಿಫ್ಟ್ ಹತ್ತುವುದು, ಕಾರಿಡಾರಿಗೆ ಮೀನು ಹುರಿದ ವಾಸನೆ ಬಿಡುವುದು, ಎಲ್ಲವನ್ನೂ ಕಾಫಿ ಆರುವುದರೊಳಗೆ ಸರ್ವಾನುಮತದಿಂದ ನಿಷೇಧಿಸಿದ ಇತಿಹಾಸ ಅದಕ್ಕಿದೆ.

"ಪದ ಯಾವುದು ಸಾರ್?" ಎಂದರು ಕಾರ್ಯದರ್ಶಿ. "ನಡಾವಳಿಲಿ ಬರೀಬೇಕು."

"ಕಿವೀಲಿ ಹೇಳ್ತೀನಿ ಬನ್ನಿ" ಎಂದೆ.

"ಕಿವೀಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ. ಸಭೆ ಮುಂದೆ ಹೇಳ್ಬೇಕು."

ದಂತವೈದ್ಯರು ಸಮಾಧಾನವಾಗಿಯೇ ಇದ್ದರು. "ಆಟದ ಬಿಸೀಲಿ ಬಾಯಿ ಜಾರತ್ತೆ ಸಾರ್. ನಾವು ಜಯನಗರದ ಗ್ರೌಂಡಲ್ಲಿ ಕ್ರಿಕೆಟ್ ಆಡ್ವಾಗ ಏನೇನ್ ಬೈಕೊಂಡಿಲ್ಲ?"

"ನೀವೂ ಬೈದ್ರಿ, ಅವರೂ ಬೈದ್ರು. ಈ ಪದಾನ ನಿಮಗೆ ಯಾರಾದ್ರೂ ವಾಪಸ್ ಬೈಯಕ್ಕಾಗತ್ತಾ ಡಾಕ್ಟ್ರೇ?" ಎಂದು ಕೇಳಿದೆ.

ಅವರು ಕೈಯಲ್ಲಿದ್ದ ಬಿಸ್ಕತ್ತನ್ನು ವೃತ್ತಿಪರ ಗಮನದಿಂದ ಪರೀಕ್ಷಿಸಿದರು. ಪಕ್ಕದ ನಿವೃತ್ತ ಇಂಜಿನಿಯರು ನೆರವಿಗೆ ಬಂದರು. "ಫಿಲ್ಟರ್ ಹಾಕಿದ್ರೆ ಮನಸ್ಸು ಬದಲಾಗತ್ತಾ ಸಾರ್? ಇವತ್ತು ಈ ಪದ ಅಂತೀರ, ನಾಳೆ ಮಗಾ ಅನ್ನಂಗಿಲ್ಲ ಅಂತೀರ."

"ಗೇಟಲ್ಲಿ ಸೆಕ್ಯೂರಿಟಿ ಕೂರಿಸಿರೋದು ಕಳ್ಳರ ಮನಸ್ಸು ಬದಲಾಯಿಸಕ್ಕಾ?" ಎಂದೆ. ಇದಕ್ಕೆ ಉತ್ತರವಾಗಿ ಅವರು ಸೆಕ್ಯೂರಿಟಿಯವರು ಹಗಲೆಲ್ಲ ನಿದ್ದೆ ಹೊಡೆಯುವ ವಿಚಾರ ಎತ್ತಿದರು. ಸಭೆ ಬಹಳ ಹೊತ್ತು ಅಲ್ಲೇ ಉಳಿಯಿತು.

ಕೊನೆಗೆ ಹಿಂದಿನ ಸಾಲಿನಿಂದ ಆಕೆ ಎದ್ದು ನಿಂತರು. "ಪದ ನಾನ ಹೇಳ್ತೀನ್ರಿ. ಸಾಲ್ಯಾಗಿಂದ ಕೇಳೀನಿ, ಬಾಯಿಪಾಠ ಆಗೇತಿ."

"ಬೇಡಮ್ಮಾ," ಎಂದರು ಅಧ್ಯಕ್ಷರು ಗಾಬರಿಯಾಗಿ. "ಇವತ್ತು ಏಕಾದಶಿ ಬೇರೆ. ಹೆಂಗಸರಿದ್ದಾರೆ."

"ನನಗ ಅಂದಾಗ ನಾನೂ ಹೆಂಗಸೇ ಇದ್ದೆನ್ರಿ."

ನಾನು ತಿರುಗಿ ಆಕೆಯನ್ನು ನೋಡಿದೆ. "ಹೇಳ್ರಿ ಸರ" ಎಂದರು. ಹೇಳಿದೆ, ಎಲ್ಲರಿಗೂ ಕೇಳುವ ಹಾಗೆ, ಒಂದೇ ಸಲ.

ಚಾಟಿನಲ್ಲಿ ಅದನ್ನು ಓದಿದಾಗ ಯಾರಿಗೂ ಆಗದ ಆಘಾತ ಆಗ ಎಲ್ಲರಿಗೂ ಆಯಿತು. ದೇವರ ಫೋಟೋ ಇರುವ ಹಾಲಿನಲ್ಲಿ ಎಂಥಾ ಮಾತು, ಈ ವಯಸ್ಸಿಗೆ ಇದು ಶೋಭೆಯಾ, ಎಂದರು. ದಂತವೈದ್ಯರಂತೂ ತಲೆ ಅಲ್ಲಾಡಿಸಿ, "ನಿಮ್ಮಿಂದ ಇದನ್ನ ನಿರೀಕ್ಷಿಸಿರ್ಲಿಲ್ಲ ಸಾರ್" ಎಂದರು. ನಿಜವಾಗಿಯೂ ನೊಂದವರ ಹಾಗೆ ಕಂಡರು. ಅದನ್ನು ಮಾತ್ರ ನನಗೆ ಇವತ್ತಿಗೂ ಅರಗಿಸಿಕೊಳ್ಳಲಾಗಿಲ್ಲ.

ಸಭೆಯಲ್ಲಿ ಅಸಭ್ಯ ಭಾಷೆ ಬಳಸಿದ್ದಕ್ಕಾಗಿ ನನ್ನ ಮೇಲೆ ಖಂಡನಾ ನಿರ್ಣಯವಾಯಿತು. ಪದವನ್ನು ನಡಾವಳಿಯಿಂದ ತೆಗೆದುಹಾಕಲಾಯಿತು. ನಡಾವಳಿಯಲ್ಲಿ ಇಲ್ಲದ ಪದವನ್ನು ಫಿಲ್ಟರಿಗೆ ಹಾಕಲು ಬರುವುದಿಲ್ಲ ಎಂದರು ಕಾರ್ಯದರ್ಶಿ. ಆಕೆ ಅದೇ ಸಂಜೆ ಗುಂಪು ಬಿಟ್ಟರು.